ಒಬ್ಬರೇ ಹೋಗಬೇಕೆ, ಇಬ್ಬರೂ ಹೋಗಬೇಕೆ?

ಹಾಸನದ ಓದುಗರೊಬ್ಬರ ಪತ್ರ: ಮದುವೆಯಾಗಿ 14 ವರ್ಷ. ನಾನು ಏನೇ ಮಾತೆತ್ತಿದರೂ ಗಂಡ ಎದ್ದು ಟೆರೇಸಿಗೆ ಹೋಗಿಬಿಡುತ್ತಾರೆ. ಅವರು ಸುಮ್ಮನಾದಷ್ಟೂ ನನ್ನ ದನಿ ಏರುತ್ತದೆ. ಆಮೇಲೆ ವಾರಗಟ್ಟಲೆ ಮಾತಿಲ್ಲ. ಈಚೆಗೆ ನಸುಕಿನಲ್ಲೇ ಎಚ್ಚರವಾಗಿ, ಎಲ್ಲ ನನ್ನದೇ ತಪ್ಪು ಅನ್ನಿಸುತ್ತದೆ. ತಂಗಿ ಸಿಬಿಟಿ ಎಂಬ ಮಾತಿನ ಚಿಕಿತ್ಸೆಗೆ ಹೋಗು ಅನ್ನುತ್ತಾಳೆ, ಗೆಳತಿ ಇಬ್ಬರೂ ದಂಪತಿ ಕೌನ್ಸೆಲಿಂಗ್‌ಗೆ ಹೋಗಿ ಅನ್ನುತ್ತಾಳೆ. ಯಾವುದು ಸರಿ? ಅಷ್ಟಕ್ಕೂ ಅಲ್ಲಿ ಬರೀ ಮಾತೇ ಅಲ್ಲವೆ?

ಸಂಪಾದಕರ ಉತ್ತರ:

ಸಹೋದರಿ, ನಿಮ್ಮ ಪತ್ರದಲ್ಲಿ ಎರಡು ಸಂಕಟಗಳಿವೆ. ನಸುಕಿನಲ್ಲಿ ಎಬ್ಬಿಸುವ ಸಂಕಟ ನಿಮ್ಮೊಳಗಿನದು. ಸಂಜೆ ಟೆರೇಸಿನ ಮೆಟ್ಟಿಲವರೆಗೆ ಹೋಗಿ ನಿಲ್ಲುವ ಸಂಕಟ ನಿಮ್ಮಿಬ್ಬರ ನಡುವಿನದು. ತಂಗಿಯ ಕಣ್ಣಿಗೆ ಮೊದಲನೆಯದು ಬಿದ್ದಿದೆ, ಗೆಳತಿಯ ಕಣ್ಣಿಗೆ ಎರಡನೆಯದು. ಇಬ್ಬರ ಮಾತಿನಲ್ಲೂ ಹುರುಳಿದೆ.

ಮೊದಲು ತಂಗಿಯ ಸಲಹೆ: ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. 1960ರ ದಶಕದಲ್ಲಿ ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್ ಖಿನ್ನತೆಯ ರೋಗಿಗಳಲ್ಲಿ ಒಂದು ಸಂಗತಿ ಗಮನಿಸಿದರು. ಬಾಯಲ್ಲಿ ಆಡುವ ಮಾತಿನ ಹಿಂದೆಯೇ ಇನ್ನೊಂದು ಯೋಚನೆ ಮಿಂಚಿನಂತೆ ಹಾದುಹೋಗುತ್ತಿತ್ತು: ನಾನು ಕೆಲಸಕ್ಕೆ ಬಾರದವಳು, ಎಲ್ಲ ನನ್ನಿಂದಲೇ. ರೋಗಿಗಳು ಅದನ್ನು ಪ್ರಶ್ನಿಸದೆ ನಿಜವೆಂದೇ ನಂಬುತ್ತಿದ್ದರು. ಆ ಯೋಚನೆಯನ್ನು ಹಿಡಿದು ಕಾಗದದ ಮೇಲೆ ಬರೆಸಿ, ಇದಕ್ಕೆ ಆಧಾರವೇನು, ಬೇರೆ ರೀತಿ ನೋಡಬಹುದೆ ಎಂದು ಕೂತು ಪರಿಶೀಲಿಸುವುದೇ ಸಿಬಿಟಿಯ ತಿರುಳು. ಮನೆಯಲ್ಲಿ ಮಾಡಲು ಅಭ್ಯಾಸಗಳನ್ನು ಕೊಡುತ್ತಾರೆ, ಸಾಮಾನ್ಯವಾಗಿ 12ರಿಂದ 20 ವಾರಗಳಲ್ಲಿ ಮುಗಿಯುತ್ತದೆ. 'ಎಲ್ಲ ನನ್ನದೇ ತಪ್ಪು' ಎಂಬ ನಿಮ್ಮ ವಾಕ್ಯ ಇಂಥ ಪರಿಶೀಲನೆಗೆ ಹೇಳಿಮಾಡಿಸಿದಂತಿದೆ. ಆದರೆ ನಸುಕಿನಲ್ಲೇ ಎಚ್ಚರವಾಗುವುದು ಖಿನ್ನತೆಯ ಲಕ್ಷಣವೂ ಆಗಿರಬಹುದು. ಆದ್ದರಿಂದ ಮೊದಲು ಒಮ್ಮೆ ಮನೋವೈದ್ಯರನ್ನು ಕಾಣಿ. ಬದುಕೇ ಬೇಡ ಅನ್ನಿಸಿದರಂತೂ ಒಂದು ಗಂಟೆಯೂ ತಡಮಾಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸಿಬಿಟಿ ಒಂದೇ ದಾರಿಯಲ್ಲ. ಬಾಲ್ಯದಿಂದ ಬಂದ ಗಂಟುಗಳನ್ನು ನಿಧಾನವಾಗಿ ಬಿಚ್ಚುವ ಮನೋವಿಶ್ಲೇಷಣೆಯ ಪರಂಪರೆ ನಮ್ಮ ದೇಶಕ್ಕೂ ಹಳೆಯದು. ಗಿರೀಂದ್ರಶೇಖರ ಬೋಸ್ 1922ರಲ್ಲೇ ಕಲ್ಕತ್ತೆಯಲ್ಲಿ ಅದಕ್ಕೊಂದು ಸಂಘ ಕಟ್ಟಿದ್ದರು. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಹಾಕಿಕೊಟ್ಟ ದಾರಿಯಲ್ಲಿ ಸಲಹೆಗಾರರು ಬುದ್ಧಿ ಹೇಳುವುದಿಲ್ಲ, ತೀರ್ಪನ್ನೂ ಕೊಡುವುದಿಲ್ಲ. ನಿಮ್ಮ ಮಾತನ್ನು ಪೂರ್ತಿ ಕೇಳಿಸಿಕೊಂಡು, ನೀವೇ ದಾರಿ ಕಾಣುವವರೆಗೆ ಜೊತೆಗಿರುತ್ತಾರೆ. ನಮ್ಮಲ್ಲಿ ಹಲವರಿಗೆ ಇದು ಸಪ್ಪೆ ಅನ್ನಿಸುತ್ತದೆ, ಏಕೆಂದರೆ ಹಿರಿಯರ ಬಳಿ ಹೋಗುವುದೇ 'ಏನು ಮಾಡಲಿ ಹೇಳಿ' ಎಂದು ಕೇಳುವುದಕ್ಕೆ. ಮನೋವೈದ್ಯರೂ ಪಂಜಾಬಿ ಕವಿಯೂ ಆಗಿದ್ದ ಜಸ್ವಂತ್ ಸಿಂಗ್ ನೇಕಿ 1973ರಲ್ಲೇ ಈ ಬಗ್ಗೆ ಬರೆದು, ಗುರು–ಶಿಷ್ಯ ಸಂಬಂಧವೂ ಚಿಕಿತ್ಸೆಗೆ ಒಂದು ಮಾದರಿಯಾಗಬಹುದು ಎಂದಿದ್ದರು. ನಿಮಗೆ ನೇರ ಮಾರ್ಗದರ್ಶನ ಬೇಕಿದ್ದರೆ ಮೊದಲ ದಿನವೇ ಹೇಳಿ. ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಇನ್ನು ಟೆರೇಸಿನ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟದ್ದು ಇದೇ. ಒಬ್ಬರು ಬೆನ್ನಟ್ಟುವುದು, ಇನ್ನೊಬ್ಬರು ಹಿಂದೆ ಸರಿಯುವುದು: ದಂಪತಿ ಚಿಕಿತ್ಸಕರು ಮತ್ತೆ ಮತ್ತೆ ಕಾಣುವ ಸುಳಿ ಇದು. 1980ರ ದಶಕದಲ್ಲಿ ಕೆನಡಾದಲ್ಲಿ ಸೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ ರೂಪಿಸಿದ ಭಾವಕೇಂದ್ರಿತ ಚಿಕಿತ್ಸೆ ಈ ಸುಳಿಯನ್ನೇ ಹಿಡಿದು ಕೆಲಸ ಮಾಡುತ್ತದೆ. ಅಲ್ಲಿ ಯಾರು ಸರಿ ಎಂಬ ಪಂಚಾಯ್ತಿ ನಡೆಯುವುದಿಲ್ಲ. ಏರಿದ ದನಿಯ ಅಡಿಯಲ್ಲಿ 'ನಾನು ನಿಮಗೆ ಬೇಕೋ ಬೇಡವೋ' ಎಂಬ ಹೆದರಿಕೆ ಇರಬಹುದು. ಮೌನದ ಅಡಿಯಲ್ಲಿ 'ಏನು ಮಾಡಿದರೂ ನಿನಗೆ ಸಾಲುವುದಿಲ್ಲ' ಎಂಬ ಸೋಲು ಇರಬಹುದು. ಅವೆರಡನ್ನೂ ಪರಸ್ಪರ ಎದುರಿನಲ್ಲೇ ಆಡಿಸುವುದು ಚಿಕಿತ್ಸಕರ ಕೆಲಸ. ಇಬ್ಬರೂ ಕೂತು ಸುಳಿಯನ್ನೇ ಎದುರಾಳಿಯಾಗಿ ನೋಡಲು ಕಲಿಯುತ್ತಾರೆ.

ಅಮೆರಿಕದ ಸಿಯಾಟಲ್‌ನಲ್ಲಿ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ದಂಪತಿಗಳ ಜಗಳವನ್ನು ವಿಡಿಯೋ ಮಾಡಿ, ನಾಡಿಬಡಿತವನ್ನೂ ಅಳೆದರು. ಕಲ್ಲಿನಂತೆ ಕೂತವರು ಒಳಗೆ ಶಾಂತವಾಗಿರುವುದಿಲ್ಲ. ನಾಡಿ ನಿಮಿಷಕ್ಕೆ 100 ದಾಟಿತೆಂದರೆ ಎದುರಿನವರ ಮಾತು ತಲೆಗೆ ಇಳಿಯುವುದಿಲ್ಲ. ಕನಿಷ್ಠ 20 ನಿಮಿಷ ಬಿಡುವು ಬೇಕು ಎಂದು ಅವರು ಹೇಳುತ್ತಾರೆ. ಹಾಗಾಗಿ ನಿಮ್ಮವರು ಟೆರೇಸಿಗೆ ಹೋಗುವುದಕ್ಕೆ ತಾತ್ಸಾರವೇ ಕಾರಣ ಎಂದು ಈಗಲೇ ತೀರ್ಮಾನಿಸಬೇಡಿ. ಆದರೆ ಮರಳಿ ಬರುವ ಹೊತ್ತು ಹೇಳದೆ ಎದ್ದುಹೋಗುವುದು ನಿಮ್ಮನ್ನು ಗಾಯಗೊಳಿಸುತ್ತದೆ, ಅದನ್ನು ಅವರೂ ಕಲಿಯಬೇಕು. ಗಾಟ್‌ಮನ್ ಕಂಡ ಇನ್ನೊಂದು ವಿಷಯ: ದಂಪತಿಗಳ ಭಿನ್ನಾಭಿಪ್ರಾಯಗಳಲ್ಲಿ ಶೇ. 69ರಷ್ಟು ಕೊನೆಯವರೆಗೂ ಬಗೆಹರಿಯುವುದೇ ಇಲ್ಲ. ಚೆನ್ನಾಗಿ ಬಾಳುವವರಿಗೂ ಅವು ಇದ್ದೇ ಇರುತ್ತವೆ. ಅವರು ಅವುಗಳ ಬಗ್ಗೆ ಮಾತಾಡುವ ರೀತಿ ಬೇರೆ.

ಒಂದು ಮಾತು ಕೇಳಲೇಬೇಕು. ಮನೆಯಲ್ಲಿ ಹೊಡೆತ, ಬೆದರಿಕೆ ಇದೆಯೆ? ನೀವು ಬರೆದಿಲ್ಲ. ಇದ್ದರೆ ಜೊತೆಯಾಗಿ ಹೋಗಬೇಡಿ. ಕೋಣೆಯೊಳಗೆ ಬಾಯಿಬಿಟ್ಟ ಸತ್ಯಕ್ಕೆ ಮನೆಯಲ್ಲಿ ಶಿಕ್ಷೆಯಾಗುವ ಅಪಾಯವಿರುತ್ತದೆ. ಆಗ ಒಬ್ಬರೇ ಹೋಗಿ. ಮಹಿಳಾ ಸಹಾಯವಾಣಿ 181 ಇದೆ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ರಕ್ಷಣೆಯೂ ಇದೆ.

'ಬರೀ ಮಾತೇ ಅಲ್ಲವೆ' ಎಂದು ಕೇಳಿದ್ದೀರಿ. ಹೌದು, ಮಾತೇ. ಆದರೆ ತಂಗಿಗೆ ನಿಮ್ಮ ಮೇಲೆ ಪ್ರೀತಿ, ಅತ್ತೆಗೆ ಮಗನ ಮೇಲೆ ಪ್ರೀತಿ. ಇಬ್ಬರಿಗೂ ಒಂದು ಪಕ್ಷವಿದೆ. ಕೇಳಿದ್ದು ಹಬ್ಬದ ದಿನ ಹೊರಬೀಳಲೂಬಹುದು. ಚಿಕಿತ್ಸಕರು ಗುಟ್ಟು ಕಾಯಬೇಕಾದ್ದು ವೃತ್ತಿಧರ್ಮ. 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕೆಂದೇ ಹೇಳುತ್ತದೆ. ಯಾವ ಪದ್ಧತಿ ಎಂಬುದಕ್ಕಿಂತ ಆ ವ್ಯಕ್ತಿಯ ಮೇಲೆ ನಿಮಗೆ ಭರವಸೆ ಮೂಡುತ್ತದೆಯೆ, ಗುರಿ ಏನೆಂದು ಇಬ್ಬರಿಗೂ ಗೊತ್ತಿದೆಯೆ ಎಂಬುದನ್ನೇ ನಾನು ಹೆಚ್ಚು ನೋಡುತ್ತೇನೆ. ಆದ್ದರಿಂದ ಮೊದಲ ಭೇಟಿಯಲ್ಲೇ ಕೇಳಿ: ನೀವು ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ನೋಂದಣಿ ಇದೆಯೆ? ದಂಪತಿಗಳ ಜೊತೆ ಕೆಲಸ ಮಾಡಲು ತರಬೇತಿ ಆಗಿದೆಯೆ? ಒಬ್ಬರು ಗುಟ್ಟಾಗಿ ಹೇಳಿದ್ದನ್ನು ಇನ್ನೊಬ್ಬರಿಂದ ಮುಚ್ಚಿಡುತ್ತೀರಾ? ಈ ಕೊನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗದಿದ್ದರೆ ಬೇರೆಯವರನ್ನು ನೋಡಿ.

ಹಾಸನದಲ್ಲೇ ಶುರುಮಾಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರನ್ನು ವಿಚಾರಿಸಿ. ಬೆಂಗಳೂರಿಗೆ ಬರಲು ಆಗುವುದಾದರೆ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ಪ್ರತ್ಯೇಕ ಕೇಂದ್ರವಿದೆ. ಮೊದಲು ನೀವೊಬ್ಬರೇ ಹೋಗಿ, ನಿದ್ದೆ ಮತ್ತು ಆ ತಪ್ಪಿತಸ್ಥ ಭಾವಕ್ಕೆ ಆರೈಕೆ ಪಡೆಯಿರಿ. ದಂಪತಿ ಚಿಕಿತ್ಸೆಗೆ ಬೇರೆ ಚಿಕಿತ್ಸಕರಾದರೆ ಒಳ್ಳೆಯದು. ನಿಮ್ಮ ಪರ ವಹಿಸುತ್ತಾರೆಂಬ ಅನುಮಾನ ನಿಮ್ಮವರಿಗೆ ಬರುವುದಿಲ್ಲ. ಅವರನ್ನು ಕರೆಯುವಾಗ, 'ನಿಮ್ಮನ್ನು ಸರಿಮಾಡಿಸಬೇಕು' ಅನ್ನಬೇಡಿ. ಜಗಳವಿಲ್ಲದ ಒಂದು ದಿನ ನೋಡಿ, 'ನಮ್ಮ ಮಾತು ಯಾಕೆ ಹೀಗೆ ನಿಂತುಹೋಗುತ್ತದೆ ಅಂತ ತಿಳಿಯಬೇಕು, ಮೂರು ಸಲ ಬನ್ನಿ' ಎಂದು ಕೇಳಿ. ಬರುವುದಿಲ್ಲ ಅಂದರೂ ನೀವು ಹೋಗುವುದನ್ನು ನಿಲ್ಲಿಸಬೇಡಿ.