ಓದುಗರ ಪ್ರಶ್ನೆ: ವಂಚಕರನ್ನು ಆಟವಾಡಿಸಬಹುದೇ?

ಪ್ರಶ್ನೆ: ನಮ್ಮ ಮನೆ ತೋಟದ ನಡುವೆ ಇದೆ. ಬ್ಯಾಂಕಿನವರೆಂದು ಹೇಳಿಕೊಂಡು ಕೆವೈಸಿ ಕೇಳುವ ಕರೆಗಳು ಬರುತ್ತಲೇ ಇರುತ್ತವೆ. ಮಳೆಗಾಲದಲ್ಲಿ ಮನೆಗೆ ಬಂದಿದ್ದ ನಮ್ಮ ಭಾವ ಅಂಥವನೊಬ್ಬನನ್ನು ಮುಕ್ಕಾಲು ಗಂಟೆ ಮಾತಿನಲ್ಲೇ ಕಟ್ಟಿಹಾಕಿದರು. ಅವನು ಕಾರ್ಡಿನ ನಂಬರು ಕೇಳಿದಾಗಲೆಲ್ಲ ಇವರು, "ಹುಡುಕ್ತಾ ಇದ್ದೇನೆ ತಮ್ಮಾ, ಸೊಸೈಟಿ ಪಾಸ್‌ಬುಕ್ಕು ಸಿಕ್ತು, ಅದರ ನಂಬರು ಆಗ್ತದಾ?" ಎನ್ನುತ್ತಿದ್ದರು. ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಅಕ್ಕನಿಗೆ ಮಾತ್ರ ಭಯ. ಇದರಿಂದ ಪ್ರಯೋಜನ ಉಂಟೇ, ಅಥವಾ ಅಪಾಯವೇ? – ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಪ್ರಯೋಜನ ಖಂಡಿತ ಉಂಟು. ನಿಮ್ಮ ಭಾವನವರು ವಂಚಕನಿಗೆ ನಿಜವಾಗಿ ನೋವಾಗುವ ಜಾಗಕ್ಕೇ ಕೈ ಹಾಕಿದ್ದಾರೆ. ಲಕ್ಷ ಜನರಿಗೆ ಸಂದೇಶ ಕಳಿಸಲು ವಂಚಕನಿಗೆ ಹೆಚ್ಚೇನೂ ಖರ್ಚಾಗುವುದಿಲ್ಲ. ಯಾರಾದರೂ ಉತ್ತರಿಸಿ, ಅವರೊಡನೆ ಒಬ್ಬ ಮನುಷ್ಯ ಕುಳಿತು ಮಾತನಾಡಬೇಕಾದಾಗಲೇ ಅವನ ಖರ್ಚು ಆರಂಭವಾಗುತ್ತದೆ. ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದ ಕಾರ್ಮಾಕ್ ಹರ್ಲಿ ಅವರು 2012ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಕೋಟ್ಯಂತರ ಹಣದ ಆಸೆ ತೋರಿಸಿ ಇಮೇಲ್ ಕಳಿಸುವ ವಂಚಕರು, ಇಷ್ಟೊಂದು ಕುಖ್ಯಾತಿ ಪಡೆದ ಮೇಲೂ ತಾವು ನೈಜೀರಿಯಾದವರೆಂದು ಏಕೆ ಬರೆಯುತ್ತಾರೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡಿದ್ದರು. ನಂಬಲಾಗದ ಕಥೆಯನ್ನು ಹೇಳಿದರೆ ಅನುಮಾನಿಸುವವರು ಮೊದಲಿಗೇ ದೂರ ಸರಿಯುತ್ತಾರೆ, ಕೊನೆಯವರೆಗೂ ನಂಬಿ ಹಣ ಕೊಡುವವರಷ್ಟೇ ಉಳಿಯುತ್ತಾರೆ, ಆದ್ದರಿಂದ ವಂಚಕನ ಹೊತ್ತು ಉಳಿಯುತ್ತದೆ ಎಂಬುದು ಅವರು ಕೊಟ್ಟ ಉತ್ತರ. ಉತ್ತರಿಸಿಯೂ ಹಣ ಕೊಡದ ವ್ಯಕ್ತಿಯೇ ಅವನ ಪಾಲಿಗೆ ಶುದ್ಧ ನಷ್ಟ. ನಿಮ್ಮ ಭಾವನವರ ಮುಕ್ಕಾಲು ಗಂಟೆಯಲ್ಲಿ ಎಲ್ಲೋ ಒಬ್ಬ ಅಜ್ಜಿಯ ಫೋನು ಸದ್ದು ಮಾಡದೆ ಉಳಿದಿರಬಹುದು.

ಬ್ರಿಟನ್ನಿನ ಓ2 ಎಂಬ ದೂರವಾಣಿ ಕಂಪನಿ ಇದನ್ನೇ ಯಂತ್ರದಿಂದ ಮಾಡಿಸಿತು. 2024ರ ನವೆಂಬರ್‌ನಲ್ಲಿ ಅದು ಡೇಸಿ ಎಂಬ ಹೆಸರಿನ ಕೃತಕ ಬುದ್ಧಿಮತ್ತೆಯ ಅಜ್ಜಿಯನ್ನು ಪರಿಚಯಿಸಿತು. ವಂಚಕರು ಕರೆ ಮಾಡಿದರೆ ಈ ಅಜ್ಜಿ ಹೆಣಿಗೆಯ ಬಗ್ಗೆ, ಮನೆಮಂದಿಯ ಬಗ್ಗೆ ಸಾವಧಾನವಾಗಿ ಮಾತನಾಡುತ್ತ ಕೆಲವರನ್ನು 40 ನಿಮಿಷದವರೆಗೂ ಹಿಡಿದಿಟ್ಟಿತ್ತೆಂದು ಕಂಪನಿ ತಿಳಿಸಿತ್ತು.

ಮಲೆನಾಡಿನವರಿಗೆ ಅಂಥ ಮಾತಿಗೆ ಬರವಿಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ತಯಾರಿಸುವ ಕ್ರಮವನ್ನೇ ನಿಧಾನವಾಗಿ ವಿವರಿಸಬಹುದು: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಎರಡನ್ನೂ ಬೇರೆ ಬೇರೆ ಕರಗಿಸಬೇಕು, ಯಾವುದನ್ನು ಯಾವುದಕ್ಕೆ ಸುರಿಯಬೇಕೆಂದು ಅವನನ್ನೇ ಕೇಳಬೇಕು, ಅವನು ಒಟಿಪಿ ಎಂದರೆ, ಈ ಮಳೆಯಲ್ಲಿ ಮರ ಹತ್ತುವ ಕೊನೆಗೌಡ ಇನ್ನೂ ಬಂದಿಲ್ಲವೆಂದು ಚಿಂತೆ ತೋಡಿಕೊಳ್ಳಬೇಕು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆಯ ಬಗೆಗಳ ವ್ಯತ್ಯಾಸಕ್ಕೆ ಇನ್ನೂ ಹತ್ತು ನಿಮಿಷ ಸಲ್ಲುತ್ತದೆ. ಮೊಬೈಲ್ ನಂಬರನ್ನು ಕೇಳಿದರೆ ಒಂಬತ್ತೇ ಅಂಕಿ ಹೇಳಿ, ಒಂದು ಕಡಿಮೆಯಾಯಿತೆಂದು ಅವನು ಹೇಳಿದಾಗ ಕನ್ನಡಕ ಹುಡುಕಲು ಹೋಗಬಹುದು. ಬಾಯಿಗೆ ಬಂದ ಹತ್ತು ಅಂಕಿಗಳನ್ನು ಮಾತ್ರ ಹೇಳಬೇಡಿ, ಅದು ಬೇರೆ ಯಾರದೋ ನಂಬರಾಗಿರಬಹುದು.

ಇನ್ನು ಅಕ್ಕನವರ ಭಯ. ಅದೂ ಸಕಾರಣವೇ. ಮಾತಿನ ಆಟ ಮಾತಿನಲ್ಲೇ ಮುಗಿಯಬೇಕು. ಅವನು ಕಳಿಸಿದ ಕೊಂಡಿಯನ್ನು ಒತ್ತುವುದು, ಮದುವೆ ಕರೆಯೋಲೆಯೆಂದೋ ಸರ್ಕಾರಿ ಯೋಜನೆಯೆಂದೋ ವಾಟ್ಸ್‌ಆ್ಯಪ್‌ನಲ್ಲಿ ಬರುವ, ಫೋನಿಗೆ ಆ್ಯಪ್ ಸೇರಿಸುವ ಎಪಿಕೆ ಕಡತವನ್ನು ತೆರೆಯುವುದು, ಅವನು ಹೇಳಿದ ಆ್ಯಪನ್ನು ಹಾಕಿಕೊಂಡು ಫೋನಿನ ಪರದೆಯನ್ನು ಅವನಿಗೆ ತೋರಿಸುವುದು, ಇವು ಯಾವುವೂ ಆಟದ ಭಾಗವಲ್ಲ. ನಕ್ಷತ್ರ ಚಿಹ್ನೆ, 401, ಮತ್ತೆ ನಕ್ಷತ್ರ ಚಿಹ್ನೆ ಒತ್ತಿ ಯಾವುದೋ ನಂಬರನ್ನು ಹೊಡೆಯಿರಿ ಎಂದರೆ ಕೂಡಲೇ ಫೋನಿಡಬೇಕು, ಏಕೆಂದರೆ ಹಾಗೆ ಮಾಡಿದರೆ ನಿಮಗೆ ಬರುವ ಕರೆಗಳೆಲ್ಲ ಅವನ ನಂಬರಿಗೆ ತಿರುಗಿಬಿಡಬಹುದು. ನಿಜವಾದ ಹೆಸರು, ಊರು, ಬ್ಯಾಂಕು, ಹುಟ್ಟಿದ ದಿನ, ಇವುಗಳಲ್ಲಿ ಒಂದನ್ನೂ ಹೇಳಬಾರದು. ತಿರುಗಿ ಕರೆ ಮಾಡಿ ಬೈಯುವುದೂ ಬೇಡ. ಪರದೆಯ ಮೇಲೆ ಕಾಣುವ ನಂಬರು ನಕಲಿಯಾಗಿದ್ದು, ಆ ನಂಬರಿನ ನಿಜವಾದ ಒಡೆಯ ಏನೂ ಅರಿಯದವನಾಗಿರಬಹುದು.

ಬೈಗುಳ ಬೇಡವೆನ್ನಲು ನನಗೆ ಇನ್ನೊಂದು ಕಾರಣವಿದೆ. ಕೆಲಸ ಕೊಡಿಸುವುದಾಗಿ ನಂಬಿಸಿ ಕರೆದೊಯ್ದ ಯುವಕರನ್ನು ಮ್ಯಾನ್ಮಾರ್, ಕಾಂಬೋಡಿಯಾಗಳ ಬೇಲಿಯೊಳಗೆ ಕೂಡಿಹಾಕಿ ಈ ಕೆಲಸಕ್ಕೆ ಹಚ್ಚಲಾಗುತ್ತದೆ. 2025ರ ಮಾರ್ಚ್‌ನಲ್ಲಿ ಭಾರತ ಸರ್ಕಾರವು ಮ್ಯಾನ್ಮಾರ್ ಗಡಿಯ ಅಂಥ ಕೇಂದ್ರಗಳಿಂದ ಬಿಡುಗಡೆಯಾದ ಐನೂರಕ್ಕೂ ಹೆಚ್ಚು ಭಾರತೀಯರನ್ನು ವಿಮಾನದಲ್ಲಿ ಕರೆತಂದಿತು. ಆ ತುದಿಯ ಧ್ವನಿ ಯಾರದೆಂದು ನಮಗೆ ತಿಳಿಯದು. ಹೊತ್ತು ಹಾಳಾದರೆ ನಷ್ಟ ಯಜಮಾನನಿಗೆ. ಬೈಗುಳ ತಾಗುವುದು ಕೂಲಿಯವನಿಗೆ.

ಒಂದು ಬಗೆಯ ಕರೆಯೊಡನೆ ಆಟವನ್ನೇ ಆಡಬಾರದು. ಪೊಲೀಸ್ ಸಮವಸ್ತ್ರ ಧರಿಸಿ ವಿಡಿಯೋ ಕರೆ ಮಾಡಿ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ ಎನ್ನುವವರಿದ್ದಾರೆ. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಪ್ರಧಾನಿಯವರೂ 2024ರ ಅಕ್ಟೋಬರ್ 27ರ ಬಾನುಲಿ ಭಾಷಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದ್ದಾರೆ. ವಿಡಿಯೋ ಕರೆಯಲ್ಲಿ ನಿಮ್ಮ ಮುಖವೂ ಮನೆಯೂ ಅವರ ಕಣ್ಣಿಗೆ ಬೀಳುತ್ತವೆ, ಪಕ್ಕದಲ್ಲಿರುವ ಹಿರಿಯರು ಹೆದರುತ್ತಾರೆ. ತಕ್ಷಣ ಕರೆ ಕತ್ತರಿಸಿ.

ಆಟ ಮುಗಿದ ಮೇಲೆ ಆ ನಂಬರನ್ನು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದ ಚಕ್ಷು ವಿಭಾಗದಲ್ಲಿ ದಾಖಲಿಸಲು ಭಾವನವರಿಗೆ ಹೇಳಿ. ಹಣ ಕಳೆದುಕೊಳ್ಳದಿದ್ದರೂ ಅಲ್ಲಿ ದೂರು ಕೊಡಬಹುದು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ಎಂಜಿನಿಯರಿಂಗ್ ಓದುವ ನನ್ನ ಮಗ, ಕೋಟ್ಯಂತರ ಆಸ್ತಿ ಕೊಡುತ್ತೇವೆಂಬ ಇಮೇಲ್‌ಗಳಿಗೆ ಉತ್ತರ ಬರೆದು ಗೆಳೆಯರಿಗೆ ಓದಿ ಹೇಳುತ್ತಾನೆ. ಬಿಡಿಸಬೇಕೇ? – ಓದುಗರು, ಶಿವಮೊಗ್ಗ

ಉತ್ತರ: ಬಿಡಿಸಬೇಕಾಗಿಲ್ಲ, ಆದರೆ ತನ್ನ ವಿಳಾಸದಿಂದ ಬರೆಯುವುದನ್ನು ಇಂದೇ ನಿಲ್ಲಿಸಲಿ. ಉತ್ತರ ಹೋದೊಡನೆ ಆ ವಿಳಾಸದಲ್ಲಿ ಜನರಿದ್ದಾರೆಂದು ಖಚಿತವಾಗುತ್ತದೆ, ಅದು ಇತರ ವಂಚಕರಿಗೂ ಮಾರಾಟವಾಗಬಹುದು. ಕಾಲ್ಪನಿಕ ಹೆಸರಿನಲ್ಲಿ ಬೇರೆಯೇ ಒಂದು ಇಮೇಲ್ ವಿಳಾಸ ಇಟ್ಟುಕೊಳ್ಳಲಿ, ಚಿತ್ರಗಳು ತಾವಾಗಿ ತೆರೆದುಕೊಳ್ಳದಂತೆ ಮಾಡಲಿ, ಲಗತ್ತುಗಳನ್ನು ಮುಟ್ಟದಿರಲಿ. ವಂಚಕ ಮಾತನ್ನು ವಾಟ್ಸ್‌ಆ್ಯಪ್‌ಗೆ ಎಳೆದರೆ ಅಲ್ಲಿಗೇ ನಿಲ್ಲಿಸಲಿ, ಏಕೆಂದರೆ ಅಲ್ಲಿ ಮಗನ ಸ್ವಂತ ನಂಬರೂ ಭಾವಚಿತ್ರವೂ ಕಾಣುತ್ತವೆ. ಬರವಣಿಗೆಗೆ ಒಂದು ಸಲಹೆ: ಶುಲ್ಕವನ್ನು ಇನ್ನೇನು ಕಟ್ಟುತ್ತೇನೆ ಎಂಬಷ್ಟರಲ್ಲೇ ಕಥೆಯನ್ನು ತಡೆದು ನಿಲ್ಲಿಸುವುದು ಉತ್ತಮ. ಗಾಳಿಮಳೆಗೆ ಮರ ಬಿದ್ದು ಮೂರು ದಿನದಿಂದ ಕರೆಂಟಿಲ್ಲ ಎಂಬ ಕಾರಣ ನಮ್ಮ ಕಡೆ ಆಷಾಢದಲ್ಲಿ ಸುಳ್ಳೆನಿಸುವುದೇ ಇಲ್ಲ.

ಪ್ರಶ್ನೆ: ಅಂಚೆಯಲ್ಲಿ ಉಜ್ಜುವ ಕಾರ್ಡು ಬಂತು. ಉಜ್ಜಿದರೆ ಕಾರು ಬಹುಮಾನ, ಮೊದಲು ತೆರಿಗೆ ಕಟ್ಟಬೇಕಂತೆ. ಅದೇ ವಿಳಾಸಕ್ಕೆ ಸಗಣಿ ಕಳಿಸೋಣವೆಂದು ತಮ್ಮ ಹೇಳುತ್ತಾನೆ. – ಓದುಗರು, ಸಾಗರ

ಉತ್ತರ: ಸಗಣಿ ಬೇಡ. ಅದು ವಂಚಕನ ಕೈಗೆ ಸೇರುವ ಮೊದಲು ನಿಮ್ಮೂರಿನ ಪೋಸ್ಟ್‌ಮ್ಯಾನ್‌ನ ಚೀಲದಲ್ಲಿ ಕೂರುತ್ತದೆ, ವಿಳಾಸವೂ ಸುಳ್ಳಾಗಿದ್ದರೆ ತಿರುಗಿ ಅವರ ಕೈಗೇ ಬರುತ್ತದೆ. ಮಳೆಯಲ್ಲಿ ಸಂಕ ದಾಟಿ ಕಾಗದ ತಲುಪಿಸುವವರಿಗೆ ಅಂಥ ಶಿಕ್ಷೆ ಸಲ್ಲದು.

ನಿಜವಾದ ಕಂಪನಿಗಳು ಜಾಹೀರಾತಿನೊಡನೆ ಕಳಿಸುವ, ನಾವು ಅಂಚೆಚೀಟಿ ಹಚ್ಚಬೇಕಿಲ್ಲದ ಬಿಸಿನೆಸ್ ರಿಪ್ಲೈ ಕವರಿನ ವಿಷಯ ಬೇರೆ. ಅದು ತಲುಪಿದಾಗ ಅಂಚೆ ವೆಚ್ಚವನ್ನು ಕಂಪನಿಯೇ ಕೊಡಬೇಕು. ಅದರಲ್ಲಿ ಅವರದೇ ಜಾಹೀರಾತನ್ನು ಮಡಿಸಿಟ್ಟು, ನಮ್ಮ ಹೆಸರನ್ನು ಪಟ್ಟಿಯಿಂದ ತೆಗೆಯಿರಿ ಎಂದು ಬರೆದು ಕಳಿಸುವುದರಲ್ಲಿ ತಪ್ಪೇನೂ ಇಲ್ಲ.

ಉಜ್ಜುವ ಕಾರ್ಡನ್ನು ಮಾತ್ರ ಲಕೋಟೆಯ ಸಮೇತ ಜೋಪಾನವಾಗಿಟ್ಟು, ಶಿವಮೊಗ್ಗದ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ತಲುಪಿಸಿ. ಅದು ಸ್ಪೀಡ್ ಪೋಸ್ಟ್‌ನಲ್ಲಿ ಬಂದಿದ್ದರೆ, ಎಲ್ಲಿಂದ ಕಳಿಸಲಾಯಿತೆಂಬುದು ಲಕೋಟೆಯ ಮೇಲಿನ ಸಂಖ್ಯೆಯಿಂದಲೇ ತಿಳಿಯುತ್ತದೆ.