ಆಕಾಶದಲ್ಲಿ ಪಟ್ಟೆ ಯಾಕೆ ಬಂತು?

ಪ್ರಶ್ನೆ: ಸೂರ್ಯ ಮುಳುಗುವಾಗ ತೆಗೆದ ಒಂದು ಫೋಟೋವನ್ನು ಗಿಂಪ್ ಅನ್ನುವ ಚಿತ್ರ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಇಂಡೆಕ್ಸ್‌ಡ್ ಮೋಡ್‌ಗೆ ಬದಲಾಯಿಸಿ ಜಿಐಎಫ್ ಮಾಡಿದೆ. ಆಕಾಶದ ತುಂಬ ಪಟ್ಟೆ ಪಟ್ಟೆ. ಡಿದರಿಂಗ್ ಅನ್ನುವ ಆಯ್ಕೆ ಹಾಕಿದೆ, ಪಟ್ಟೆ ಹೋಯಿತು, ಆದರೆ ಚುಕ್ಕಿಗಳು ಬಂದವು, ಫೈಲೂ ದೊಡ್ಡದಾಯಿತು. ಹೀಗೇ ಮಾಡಿದ ಲೋಗೋ ಮಾತ್ರ ಚೆನ್ನಾಗಿದೆ. ಎಲ್ಲಿ ತಪ್ಪಾಯಿತು?

ಉತ್ತರ: ತಪ್ಪು ನಿಮ್ಮದಲ್ಲ, ಬಣ್ಣಗಳೇ ಸಾಲದೆ ಹೋದವು. ಮಾಮೂಲಿ ಫೋಟೋದಲ್ಲಿ ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಅಂತ 3 ಬೈಟ್ ಇರುತ್ತದೆ, ಒಂದೊಂದರಲ್ಲೂ 0ಯಿಂದ 255ರ ತನಕ ಒಂದು ನಂಬರ್, ಅಂದರೆ 1,67,77,216 ಬಣ್ಣಗಳಲ್ಲಿ ಯಾವುದು ಬೇಕಾದರೂ ಬರಬಹುದು. ಇಂಡೆಕ್ಸ್‌ಡ್ ಚಿತ್ರದಲ್ಲಿ ಹಾಗಲ್ಲ. ಹೆಚ್ಚೆಂದರೆ 256 ಬಣ್ಣಗಳ ಒಂದು ಪಟ್ಟಿ, ಅದೇ ಪ್ಯಾಲೆಟ್. ಪಿಕ್ಸೆಲ್ ಸುಮ್ನೆ 'ಪಟ್ಟಿಯಲ್ಲಿ 41ನೆಯದು' ಅಂತ ನಂಬರ್ ಇಟ್ಟುಕೊಳ್ಳುತ್ತದೆ, ಅಷ್ಟೆ. ಲೋಗೋದಲ್ಲಿ ಇದ್ದದ್ದೇ ನಾಲ್ಕಾರು ಬಣ್ಣ, ಅಂಚಿನ ನಡುಬಣ್ಣಗಳು ಸೇರಿದರೂ 256 ಧಾರಾಳ. ಆಕಾಶ ಕಿತ್ತಳೆಯಿಂದ ನೀಲಿಗೆ ಸಾವಿರಾರು ಸಣ್ಣ ಮೆಟ್ಟಿಲು ಇಳಿಯುತ್ತದೆ. ಅದರಲ್ಲಿ ಕೆಲವನ್ನಷ್ಟೇ ಉಳಿಸಿದರೆ ಒಂದೊಂದು ಮೆಟ್ಟಿಲೂ ಪಟ್ಟೆಯಾಗಿ ಕಾಣುತ್ತದೆ.

ಡಿದರಿಂಗ್ ಮಾಡುವುದು ಈ ಕೊರತೆಯನ್ನು ಅಕ್ಕಪಕ್ಕಕ್ಕೆ ಹಂಚುವ ಕೆಲಸ. 1976ರ ಫ್ಲಾಯ್ಡ್-ಸ್ಟೈನ್‌ಬರ್ಗ್ ವಿಧಾನವೇ ಇವತ್ತಿಗೂ ಜಾಸ್ತಿ ಬಳಕೆಯಲ್ಲಿದೆ. ಒಂದು ಪಿಕ್ಸೆಲ್‌ಗೆ ಕೆಂಪು 200 ಬೇಕಿತ್ತು, ಪಟ್ಟಿಯಲ್ಲಿ ಸಿಕ್ಕಿದ್ದು 184 ಅಂದುಕೊಳ್ಳಿ. 16 ಕಮ್ಮಿ ಬಿತ್ತು. ಅದರಲ್ಲಿ 7 ಬಲಗಡೆಯ ಪಿಕ್ಸೆಲ್‌ಗೆ, 5 ನೇರ ಕೆಳಗಿನದಕ್ಕೆ, 3 ಎಡ ಕೆಳಗಿನದಕ್ಕೆ, ಉಳಿದ 1 ಬಲ ಕೆಳಗಿನದಕ್ಕೆ ಸೇರುತ್ತದೆ. ದೂರದಿಂದ ನೋಡಿದಾಗ ಕಣ್ಣು ಎಲ್ಲವನ್ನೂ ಬೆರೆಸಿ ಸರಿಯಾದ ಬಣ್ಣವನ್ನೇ ಕಾಣುತ್ತದೆ, ಹತ್ತಿರದಿಂದ ಚುಕ್ಕಿ. ಫೈಲ್ ದೊಡ್ಡದಾದದ್ದೂ ಇದರಿಂದಲೇ. ಜಿಐಎಫ್ ಫೈಲ್ ಚಿಕ್ಕದಾಗುವುದು ಒಂದೇ ನಂಬರ್ ಸಾಲು ಮತ್ತೆ ಮತ್ತೆ ಬಂದಾಗ, ಚುಕ್ಕಿಗಳು ಆ ಸಾಲನ್ನೇ ಮುರಿಯುತ್ತವೆ ಅಲ್ವಾ.

ನಿಜವಾಗಿ ಗಮನ ಕೊಡಬೇಕಾದದ್ದು ಪಟ್ಟಿ ಹೇಗೆ ತಯಾರಾಗುತ್ತದೆ ಅನ್ನುವುದಕ್ಕೆ. ಪಾಲ್ ಹೆಕ್‌ಬರ್ಟ್ 1982ರಲ್ಲಿ ಬರೆದ ಮೀಡಿಯನ್ ಕಟ್ ವಿಧಾನ ಎಲ್ಲ ಬಣ್ಣಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಕೆಂಪು, ಹಸಿರು, ನೀಲಿಯಲ್ಲಿ ಯಾವುದರ ಹರವು ಹೆಚ್ಚೋ ಆ ಉದ್ದದ ಕಡೆಯಿಂದ ಎರಡು ಪಾಲು ಮಾಡುತ್ತದೆ, ಎರಡೂ ಪಾಲಿಗೆ ಸಮನಾಗಿ ಪಿಕ್ಸೆಲ್ ಬರುವ ಹಾಗೆ. 256 ಪೆಟ್ಟಿಗೆ ಆಗುವ ತನಕ ಹೀಗೇ, ಆಮೇಲೆ ಪೆಟ್ಟಿಗೆಗೊಂದು ಸರಾಸರಿ ಬಣ್ಣ. ಜಾಸ್ತಿ ಜಾಗ ಹಿಡಿದ ಬಣ್ಣಕ್ಕೆ ಜಾಸ್ತಿ ಪಾಲು ಸಿಗುವುದರಿಂದ ಫೋಟೋದ ಮೂಲೆಯಲ್ಲಿ ಒಂದು ಪುಟ್ಟ ಕೆಂಪು ದೋಣಿ ಇದ್ದರೆ ಅದು ಮಂಕಾಗಿಬಿಡಬಹುದು. ಆಕಾಶ ನೋಡಿ ಖುಷಿಪಟ್ಟು ದೋಣಿಯನ್ನು ಮರೆಯಬೇಡಿ.

ಗಿಂಪ್‌ನಲ್ಲಿ ಚಿತ್ರದಿಂದಲೇ ಪ್ಯಾಲೆಟ್ ತಯಾರಿಸುವ ಆಯ್ಕೆಯನ್ನೇ ಇಟ್ಟುಕೊಳ್ಳಿ. 216 ಬಣ್ಣದ ವೆಬ್ ಪ್ಯಾಲೆಟ್ ಹಳೇ ಮಾನಿಟರ್‌ಗಳ ಕಾಲದ್ದು, ಫೋಟೋಗೆ ಅದು ಬೇಡವೇ ಬೇಡ. ಗಾತ್ರ ಚಿಕ್ಕದು ಮಾಡುವುದಿದ್ದರೆ ಮೊದಲೇ ಮಾಡಿ, ಇಂಡೆಕ್ಸ್‌ಡ್ ಆದ ಮೇಲೆ ಹೊಸ ನಡುಬಣ್ಣ ಹುಟ್ಟುವುದಿಲ್ಲ, ಅಂಚು ಒರಟಾಗುತ್ತದೆ. ಮೂಲ ಫೋಟೋವನ್ನು ಬೇರೆ ಹೆಸರಲ್ಲಿ ಉಳಿಸಿಕೊಳ್ಳಿ, ಯಾಕೆಂದರೆ ವಾಪಸ್ ಆರ್‌ಜಿಬಿ (ಮಾಮೂಲಿ ಕೆಂಪು-ಹಸಿರು-ನೀಲಿ ಮೋಡ್) ಮಾಡಿದರೂ ಹೋದ ಬಣ್ಣ ಬರುವುದಿಲ್ಲ. ಅಲುಗಾಡುವ ಚಿತ್ರ ಬೇಡ ಅಂದರೆ ಈ ಫೋಟೋವನ್ನು ಜೆಪೆಗ್ ಆಗಿಯೇ ಬಿಡಿ. ಲೋಗೋವನ್ನು 8 ಬಿಟ್ ಪಿಎನ್‌ಜಿ (256 ಬಣ್ಣಗಳ ಪ್ಯಾಲೆಟ್ ಇರುವ ಫೈಲ್) ಮಾಡಿ, ಡಿದರಿಂಗ್ ಇಲ್ಲದೆ.