ಟ್ರಯಾಕ್ ಪದೇಪದೇ ಸುಟ್ಟರೆ ಎಲ್ಲಿ ಹುಡುಕಬೇಕು?

ಪ್ರಶ್ನೆ: ಫ್ಯಾನ್ ಕಾಯಿಲ್ ಸುತ್ತುವ ನಮ್ಮ ಯಂತ್ರಕ್ಕೆ ಹೊಲಿಗೆ ಮೆಷಿನ್ನಿನ 100 ವ್ಯಾಟ್ ಮೋಟಾರು ಹಾಕಿದ್ದೇವೆ. ಸ್ವಿಚ್ ಒತ್ತಿದ ಕೂಡಲೇ ಫುಲ್ ಸ್ಪೀಡಿನಲ್ಲಿ ಓಡುತ್ತದೆ, ನಾಬ್ ತಿರುಗಿಸಿದರೂ ತಗ್ಗುವುದಿಲ್ಲ. ಎಸ್.ಪಿ. ರಸ್ತೆಯಿಂದ ಬಿಟಿ136 ಟ್ರಯಾಕ್ (ಮೋಟಾರಿಗೆ ಹೋಗುವ ಕರೆಂಟನ್ನು ಹೆಚ್ಚು ಕಡಿಮೆ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್) ತಂದು ಎರಡು ಸಲ ಬದಲಿಸಿದೆವು. ವಾರದೊಳಗೆ ಮತ್ತೆ ಅದೇ ಪಾಡು. ಸ್ಪೀಡ್ ಕಂಟ್ರೋಲಿನ ಇಡೀ ಬೋರ್ಡನ್ನೇ ಬದಲಿಸಬೇಕೆ?
– ಓದುಗರು, ಕಾಮಾಕ್ಷಿಪಾಳ್ಯ, ಬೆಂಗಳೂರು

ಉತ್ತರ: ಬೇಡ. ಟ್ರಯಾಕನ್ನು ಸುಡುತ್ತಿರುವುದು ಏನೆಂದು ಗೊತ್ತಾಗದೆ ಹೊಸ ಬೋರ್ಡ್ ಹಾಕಿದರೆ ಅದೂ ಹೋಗುತ್ತದೆ. ಟ್ರಯಾಕ್ ಸುಟ್ಟು ಶಾರ್ಟ್ ಆದರೆ ಮೋಟಾರು ಹೀಗೆ ಫುಲ್ ಸ್ಪೀಡಿನಲ್ಲೇ ಓಡುತ್ತದೆ. ನಾಬಿನ ಪಾಟ್ (ತಿರುಗಿಸಿದಂತೆ ಓಮ್ ಬದಲಾಗುವ ರೆಸಿಸ್ಟರ್) ಕಡಿದುಹೋಗಿದ್ದರೆ ಮೋಟಾರು ತಿರುಗುತ್ತಲೇ ಇರಲಿಲ್ಲ, ಅದನ್ನು ಸದ್ಯಕ್ಕೆ ಬಿಡಿ.

ಮೊದಲು ಮೋಟಾರು ಬಿಚ್ಚಿ ಕಾರ್ಬನ್ ಬ್ರಶ್ ನೋಡಿ. ಸವೆದು 5 ಮಿಲಿಮೀಟರಿಗೆ ಇಳಿದಿದ್ದರೆ ಎರಡನ್ನೂ ಬದಲಿಸಿ. ಸ್ಪ್ರಿಂಗಿನ ಒತ್ತಡ ಸಾಲದೆ ಬ್ರಶ್ ಕುಣಿದರೆ ಕಿಡಿ ಹಾರುತ್ತದೆ, ಆ ಕಿಡಿಯಿಂದ ಏಳುವ ವೋಲ್ಟೇಜ್ ಟ್ರಯಾಕಿಗೆ ಬಡಿಯುತ್ತದೆ. ಬ್ರಶ್ ಒರೆಸುವ ಕಮ್ಯುಟೇಟರಿನ ತಾಮ್ರದ ಪಟ್ಟಿಗಳ ನಡುವಿನ ಸಂದಿಯಲ್ಲಿ ಕಪ್ಪು ಪುಡಿ ತುಂಬಿರುತ್ತದೆ. ಚೂಪಾದ ಮರದ ಕಡ್ಡಿಯಿಂದ ಕೆರೆದು ತೆಗೆಯಿರಿ. ಆಮೇಲೆ ಅಕ್ಕಪಕ್ಕದ ಪಟ್ಟಿಗಳ ನಡುವೆ ಓಮ್ ಅಳೆಯುತ್ತ ಒಂದು ಸುತ್ತು ಬನ್ನಿ. ಎಲ್ಲ ಹೆಚ್ಚುಕಡಿಮೆ ಒಂದೇ ಬರಬೇಕು. ಒಂದು ಜೋಡಿ ಮಾತ್ರ ತೀರಾ ಕಡಿಮೆ ತೋರಿಸಿದರೆ ಆರ್ಮೇಚರ್ (ಮೋಟಾರಿನ ತಿರುಗುವ ಸುರುಳಿ) ಒಳಗೇ ಶಾರ್ಟ್ ಆಗಿದೆ, ಅದನ್ನು ರೀವೈಂಡ್ ಮಾಡಿಸದೆ ಬೇರೆ ದಾರಿಯಿಲ್ಲ.

ಇನ್ನು ಬೋರ್ಡು. ಇದರಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲ, 230 ವೋಲ್ಟ್ ನೇರವಾಗಿ ಬರುತ್ತದೆ. ಬಿಟಿ136ರ ಲೋಹದ ಬೆನ್ನಿಗೂ ಕರೆಂಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೆಯೇ ಕೈ ಹಾಕಿ. ಟ್ರಯಾಕಿಗೆ ಅಡ್ಡಲಾಗಿ 100 ಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದರ ಹಿಂದೊಂದು ಇರಬೇಕು. ವೋಲ್ಟೇಜಿನ ಏಟನ್ನು ತಗ್ಗಿಸುವ ಇದೇ ಸ್ನಬರ್. ಅಗ್ಗದ ಬೋರ್ಡುಗಳಲ್ಲಿ ಇದನ್ನು ಹಾಕಿರುವುದೇ ಇಲ್ಲ, ನನಗೆ ಅತಿ ಹೆಚ್ಚು ಅನುಮಾನ ಇದರ ಮೇಲೆಯೇ. ಸ್ನಬರ್ ಇಲ್ಲದಿದ್ದರೆ ಟ್ರಯಾಕ್ ಚೆನ್ನಾಗಿದ್ದರೂ ತನ್ನಷ್ಟಕ್ಕೆ ಆನ್ ಆಗಿ ಮೋಟಾರು ಜೋರಾಗಿ ಓಡಬಹುದು. ಕೆಪಾಸಿಟರ್ ಕೊಳ್ಳುವಾಗ ಮೈಮೇಲೆ 'ಎಕ್ಸ್2, 275 ವೋಲ್ಟ್ ಎಸಿ' ಎಂದು ಬರೆದಿರುವುದನ್ನೇ ಕೇಳಿ. ಬಿಟಿ136 ಬದಲು ಈ ಸಲ ಬಿಟಿಎ12-600 ಟ್ರಯಾಕ್ ಹಾಕಿ. ಕಾಲುಗಳ ಕ್ರಮ ಅದೇ, ಬೆನ್ನಿಗೆ ಕರೆಂಟ್ ಬರುವುದಿಲ್ಲ. 230 ವೋಲ್ಟಿನ ತುದಿ 325 ವೋಲ್ಟ್ ಮುಟ್ಟುವುದರಿಂದ 400 ವೋಲ್ಟಿನ ಟ್ರಯಾಕ್ ಸಾಲದು, 600 ವೋಲ್ಟಿನದೇ ಬೇಕು.

ಟ್ರಯಾಕನ್ನು ಆನ್ ಮಾಡುವ ಡಯಾಕ್ (ಡಿಬಿ3) ಅಗ್ಗದ್ದು, ಜೊತೆಗೇ ಬದಲಿಸಿಬಿಡಿ.

ಪರೀಕ್ಷೆಗೆ ಮೋಟಾರಿನ ಜಾಗದಲ್ಲಿ 100 ವ್ಯಾಟಿನ ಹಳೇ ತಂತಿ ಬಲ್ಬ್ ಹಾಕಿ, ಡಯಾಕಿನ ಒಂದು ಕಾಲು ಎತ್ತಿ, ಆಮೇಲೆ ಕರೆಂಟ್ ಕೊಡಿ. ಬಲ್ಬ್ ಉರಿಯಬಾರದು. ಉರಿದರೆ ಟ್ರಯಾಕ್ ಶಾರ್ಟ್ ಆಗಿದೆ. ಎಲ್‌ಇಡಿ ಬಲ್ಬ್ ಬೇಡ. ಸ್ನಬರ್ ಮೂಲಕ ಹರಿಯುವ ಏಳು ಮಿಲಿಆಂಪಿಯರಿಗೇ ಅದು ಮಂಕಾಗಿ ಉರಿದು ದಾರಿ ತಪ್ಪಿಸುತ್ತದೆ. ಪ್ಲಗ್ ಕಿತ್ತು ಡಯಾಕಿನ ಕಾಲು ಬೆಸೆದ ಮೇಲೆ ನಾಬಿಗೆ ತಕ್ಕಂತೆ ಬೆಳಕು ಏರಿಳಿದರೆ ಮೋಟಾರು ಜೋಡಿಸಿ. ಫ್ಯೂಸ್ 1 ಆಂಪಿಯರಿನದೇ ಇರಲಿ.